ಹನ್ನೆರಡು ಶ್ರುತಿಗೆ ಐದು ಕೊಳಲು

ಭಜನೆ, ಭಾವಗೀತೆ, ಗಣಪತಿ ಪೆಂಡಾಲಿನ ಹಾಡು, ಮನೆಯ ಜಗುಲಿಯಲ್ಲಿ ನಾಲ್ಕು ಜನ ಸೇರಿದಾಗಿನ ಗಾಯನ. ಇವಕ್ಕೆಲ್ಲ ಕೊಳಲು ಜೊತೆ ಕೊಡಬೇಕೆಂದು ಹೊರಟವರಿಗೆ ಮೊದಲು ಎದುರಾಗುವುದು ರಾಗದ ಪ್ರಶ್ನೆಯಲ್ಲ, ಸಂಚಿಯ ಪ್ರಶ್ನೆ. ಎಷ್ಟು ಕೊಳಲು ಬೇಕು, ಯಾವ ಯಾವ ಶ್ರುತಿಯವು? ಅಂಗಡಿಯವರು ಹನ್ನೆರಡರ ಸೆಟ್ಟು ತೋರಿಸುತ್ತಾರೆ. ಕಲಿಸುವವರು ಒಂದೇ ಕೊಳಲಿನಲ್ಲಿ ಐದು ವರ್ಷ ಸಾಧನೆ ಮಾಡು ಎನ್ನುತ್ತಾರೆ. ಸಾಧನೆಗೆ ಎರಡನೆಯ ಮಾತು ಸರಿ. ಆದರೆ ಪಕ್ಕವಾದ್ಯಕ್ಕೆ ಕೂತವರ ಶ್ರುತಿಯನ್ನು ನಿರ್ಧರಿಸುವುದು ಪಕ್ಕದಲ್ಲಿ ಹಾಡುವವರ ಕಂಠ. ಆದ್ದರಿಂದ ಕೊಳಲನ್ನು ಕಂಠ ನೋಡಿ ಕೊಳ್ಳಬೇಕು. ಲೆಕ್ಕ ಸರಿಯಾಗಿ ಹಾಕಿದರೆ ಐದು ಕೊಳಲಲ್ಲಿ ಹನ್ನೆರಡೂ ಶ್ರುತಿಗೆ ಜೊತೆ ಕೊಡಬಹುದು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಈ ವಿಚಾರ ತೀರ ಅಪರಿಚಿತವಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ‘ಕಪ್ಪು ಒಂದು’, ‘ಬಿಳಿ ನಾಲ್ಕು’ ಎಂಬ ಮಾತು ಕಿವಿಗೆ ಬಿದ್ದಿರುತ್ತದೆ. ಭಾಗವತರ ಶ್ರುತಿ ಏರಿದರೆ ಅದಕ್ಕೆ ತಕ್ಕ ಮದ್ದಳೆ ಬೇಕು. ಒಂದು ಮದ್ದಳೆಯನ್ನು ಎಷ್ಟೇ ಬಿಗಿದರೂ ಸಡಿಲಿಸಿದರೂ ಅದು ಒಪ್ಪುವುದು ಅಕ್ಕಪಕ್ಕದ ಒಂದೆರಡು ಶ್ರುತಿಗೆ ಮಾತ್ರ. ಅದಕ್ಕೇ ಮದ್ದಳೆಗಾರರು ಒಂದಕ್ಕಿಂತ ಹೆಚ್ಚು ಮದ್ದಳೆ ಇಟ್ಟುಕೊಳ್ಳುತ್ತಾರೆ. ಕೊಳಲಿಗೆ ಬಿಗಿಯುವ ಬಾರೂ ಇಲ್ಲ. ಬಿದಿರು ಕೊಯ್ದು ತೂತು ಹಾಕಿದ ದಿನವೇ ಅದರ ಶ್ರುತಿ ನಿಂತುಹೋಗಿರುತ್ತದೆ.

ಮೊದಲು ಹೆಸರುಗಳನ್ನು ಸರಿಮಾಡಿಕೊಳ್ಳೋಣ. ಹಾರ್ಮೋನಿಯಂನ ಬಿಳಿ ಒಂದು ಎಂದರೆ ಪಾಶ್ಚಾತ್ಯರ ಸಿ. ಅಲ್ಲಿಂದ ಕಪ್ಪು ಒಂದು, ಬಿಳಿ ಎರಡು, ಕಪ್ಪು ಎರಡು, ಬಿಳಿ ಮೂರು, ಬಿಳಿ ನಾಲ್ಕು, ಕಪ್ಪು ಮೂರು, ಬಿಳಿ ಐದು, ಕಪ್ಪು ನಾಲ್ಕು, ಬಿಳಿ ಆರು, ಕಪ್ಪು ಐದು, ಬಿಳಿ ಏಳು: ಒಟ್ಟು ಹನ್ನೆರಡು. ಕರ್ನಾಟಕ ಸಂಗೀತದವರು ಇದನ್ನೇ ಒಂದು, ಒಂದೂವರೆ, ಎರಡು, ಎರಡೂವರೆ, ಮೂರು, ನಾಲ್ಕು, ನಾಲ್ಕೂವರೆ ಎಂದು ಮನೆಯ ಲೆಕ್ಕದಲ್ಲಿ ಹೇಳುತ್ತಾರೆ. ಕಪ್ಪು ನಾಲ್ಕು ಎಂದರೂ ಐದೂವರೆ ಮನೆ ಎಂದರೂ ಜಿ ಶಾರ್ಪ್ ಎಂದರೂ ಒಂದೇ. ಇನ್ನು ಮುಂದೆ ಇಲ್ಲಿ ಕಪ್ಪು ಬಿಳಿಯ ಲೆಕ್ಕವನ್ನೇ ಹಿಡಿಯುತ್ತೇನೆ. ನಮ್ಮ ಕಡೆ ಹಾಡುವವರ ಬಾಯಲ್ಲಿ ಬರುವುದು ಅದೇ.

ಕೊಳ್ಳುವಾಗ ಬಹಳ ಜನ ಎಡವುವ ಜಾಗ ಇಲ್ಲಿದೆ. ಹಿಂದೂಸ್ತಾನಿ ಬಾನ್ಸುರಿಯಲ್ಲಿ ಮೇಲಿನ ಮೂರು ತೂತು ಮುಚ್ಚಿದರೆ ಷಡ್ಜ. ಆ ಸ್ವರದ ಹೆಸರೇ ಕೊಳಲಿನ ಹೆಸರು. ಕರ್ನಾಟಕ ಸಂಗೀತದ ವೇಣುವಿನಲ್ಲಿ ಮೇಲಿನ ಎರಡು ತೂತು ಮುಚ್ಚಿದರೆ ಷಡ್ಜ. ಹೀಗಾಗಿ ಬಾನ್ಸುರಿಯವರು ಬಿಳಿ ಮೂರು ಎನ್ನುವ ಕೊಳಲನ್ನೇ ಕರ್ನಾಟಕದ ಬೆರಳಿನಲ್ಲಿ ನುಡಿಸಿದರೆ ಅದು ಕಪ್ಪು ಮೂರು, ಅಂದರೆ ನಾಲ್ಕೂವರೆ ಮನೆಯಾಗುತ್ತದೆ. ಎರಡು ಸ್ವರಸ್ಥಾನದ ಅಂತರ. ಇದು ಸಾಲದೆಂಬಂತೆ ಕೆಲವು ತಯಾರಕರು ಆರೂ ತೂತು ಮುಚ್ಚಿದಾಗ ಬರುವ ಸ್ವರವನ್ನು ಕೊಳಲಿನ ಮೇಲೆ ಬರೆಯುತ್ತಾರೆ. ಆದ್ದರಿಂದ ‘ಬಿಳಿ ಎರಡರ ಕೊಳಲು ಕೊಡಿ’ ಎಂದಷ್ಟೇ ಹೇಳಿದರೆ ಸಾಲದು. ‘ಮೂರು ತೂತು ಮುಚ್ಚಿದರೆ ಬಿಳಿ ಎರಡು ನುಡಿಯಬೇಕು’ ಎಂದು ಹೇಳಬೇಕು. ಅಂಚೆಯಲ್ಲಿ ತರಿಸುವಾಗಲಂತೂ ಇದನ್ನು ಬರೆದೇ ಕಳಿಸಬೇಕು. ಮುಂದಿನ ಲೆಕ್ಕವೆಲ್ಲ ಬಾನ್ಸುರಿಯ ಬೆರಳಿನದು.

ಒಂದು ಕೊಳಲಿಗೆ ಒಂದೇ ಶ್ರುತಿ ಯಾಕೆ? ಕೊಳಲಲ್ಲಿ ನುಡಿಯುವುದು ಒಳಗಿನ ಗಾಳಿಯ ಕಂಬ. ಊದುವ ತೂತಿನಿಂದ ಮೊದಲ ತೆರೆದ ತೂತಿನವರೆಗಿನ ಉದ್ದ ಅದರ ಸ್ವರವನ್ನು ನಿರ್ಧರಿಸುತ್ತದೆ. ಒಂದು ಸ್ವರಸ್ಥಾನ ಏರಬೇಕಾದರೆ ಆ ಉದ್ದ ಹೆಚ್ಚುಕಡಿಮೆ ನೂರಕ್ಕೆ ಆರರಷ್ಟು ತಗ್ಗಬೇಕು. ತೂತುಗಳೆಲ್ಲ ಒಂದು ಷಡ್ಜವನ್ನು ಲೆಕ್ಕದಲ್ಲಿಟ್ಟುಕೊಂಡು ಬಿದ್ದಿರುತ್ತವೆ. ನಡುವಿನ ಸ್ವರಗಳನ್ನು ಅರ್ಧ ತೂತು ತೆರೆದು ತೆಗೆಯಬಹುದು, ನಿಜ. ಪಳಗಿದ ಬೆರಳಿಗೆ ಒಂದೇ ಕೊಳಲಲ್ಲಿ ಹನ್ನೆರಡೂ ಸ್ವರ ಸಿಗುತ್ತವೆ. ಆದರೆ ಹಾಡಿನ ನಡುವೆ ವೇಗದ ಬಿಟ್ ನುಡಿಸುವಾಗ ಪ್ರತಿ ಮೂರನೆಯ ಸ್ವರವೂ ಅರ್ಧ ತೂತಾದರೆ ದನಿ ಮಂಕಾಗುತ್ತದೆ, ಸ್ವರ ಜಾರುತ್ತದೆ. ವೇದಿಕೆಯಲ್ಲಿ ಪೂರ್ಣ ತೂತಿನ ಸ್ವರ ಹೆಚ್ಚಿದ್ದಷ್ಟೂ ಒಳ್ಳೆಯದು. ಕೊಳಲಿನ ಆಯ್ಕೆಗೆ ಇದೇ ಅಳತೆಗೋಲು.

ಈಗ ಕಂಠಗಳ ಕಡೆ ಬರೋಣ. ಗಂಡಸರು ಸಾಮಾನ್ಯವಾಗಿ ಬಿಳಿ ಒಂದರಿಂದ ಕಪ್ಪು ಎರಡರ ನಡುವೆ ಹಾಡುತ್ತಾರೆ, ಅದರಲ್ಲೂ ಕಪ್ಪು ಒಂದು ಮತ್ತು ಬಿಳಿ ಎರಡು ಹೆಚ್ಚು. ಹೆಂಗಸರ ಶ್ರುತಿ ಬಿಳಿ ಐದರಿಂದ ಕಪ್ಪು ಐದರ ನಡುವೆ, ಹೆಚ್ಚಾಗಿ ಕಪ್ಪು ನಾಲ್ಕು ಅಥವಾ ಬಿಳಿ ಆರು. ಈ ಎರಡು ಸಾಲನ್ನು ಒಂದರ ಕೆಳಗೊಂದು ಬರೆದು ನೋಡಿ: ಬಿಳಿ ಒಂದರ ಕೆಳಗೆ ಬಿಳಿ ಐದು, ಕಪ್ಪು ಒಂದರ ಕೆಳಗೆ ಕಪ್ಪು ನಾಲ್ಕು, ಬಿಳಿ ಎರಡರ ಕೆಳಗೆ ಬಿಳಿ ಆರು, ಕಪ್ಪು ಎರಡರ ಕೆಳಗೆ ಕಪ್ಪು ಐದು. ಪ್ರತಿ ಜೋಡಿಯಲ್ಲೂ ಕೆಳಗಿನದು ಮೇಲಿನದರ ಪಂಚಮ. ಗಂಡಸರ ಷಡ್ಜಕ್ಕೆ ಹೆಂಗಸರ ಷಡ್ಜ ಪಂಚಮವಾಗಿ ಕೂರುತ್ತದೆ.

ಬಾನ್ಸುರಿಯಲ್ಲಿ ಆರೂ ತೂತು ಮುಚ್ಚಿದರೆ ಬರುವುದು ಮಂದ್ರ ಪಂಚಮ. ಅದನ್ನೇ ಷಡ್ಜ ಮಾಡಿಕೊಂಡು ಒಂದೊಂದೇ ಬೆರಳು ತೆಗೆಯುತ್ತ ಹೋದರೆ, ಒಂದೂ ಅರ್ಧ ತೂತಿಲ್ಲದೆ, ಶಂಕರಾಭರಣದ ಏಳೂ ಸ್ವರ ಸಿಗುತ್ತವೆ. ಹಿಂದೂಸ್ತಾನಿಯವರ ಬಿಲಾವಲ್. ಅಂದರೆ ಕಪ್ಪು ಒಂದರ ಕೊಳಲಿದ್ದರೆ ಅಣ್ಣ ಕಪ್ಪು ಒಂದರಲ್ಲಿ ಹಾಡಿದರೂ ಆಯಿತು, ಆಮೇಲೆ ಅಕ್ಕ ಬಂದು ಕಪ್ಪು ನಾಲ್ಕರಲ್ಲಿ ಹಾಡಿದರೂ ಆಯಿತು. ಕೊಳಲು ಬದಲಿಸಬೇಕಿಲ್ಲ, ಸ ಎಲ್ಲಿದೆ ಎಂಬ ಯೋಚನೆ ಬದಲಿಸಿದರೆ ಸಾಕು.

ಹೀಗೆ ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು, ಕಪ್ಪು ಎರಡು, ಬಿಳಿ ಮೂರು ಎಂಬ ಐದು ಕೊಳಲಿಟ್ಟುಕೊಂಡರೆ, ಅವುಗಳ ಷಡ್ಜದಿಂದ ಐದು ಶ್ರುತಿ, ಪಂಚಮದಿಂದ ಇನ್ನೈದು. ಹತ್ತಾಯಿತು. ಉಳಿಯುವುದು ಬಿಳಿ ನಾಲ್ಕು, ಕಪ್ಪು ಮೂರು. ಗಂಡು ಹೆಣ್ಣು ಒಟ್ಟಿಗೆ ಹಾಡುವಾಗ ಇಬ್ಬರಿಗೂ ಹೊಂದಲೆಂದು ಹಿಡಿಯುವ ನಡುವಿನ ಶ್ರುತಿಗಳ ಪೈಕಿ ಇವೂ ಸೇರಿವೆ. ಇವಕ್ಕೆ ಕರ್ನಾಟಕದ ಬೆರಳು ಸಹಾಯಕ್ಕೆ ಬರುತ್ತದೆ. ಕೊಳಲಿನ ರಿಷಭವನ್ನು ಷಡ್ಜ ಮಾಡಿಕೊಂಡರೆ ಕಪ್ಪು ಎರಡರ ಕೊಳಲು ಬಿಳಿ ನಾಲ್ಕಾಗುತ್ತದೆ, ಬಿಳಿ ಮೂರರದು ಕಪ್ಪು ಮೂರಾಗುತ್ತದೆ. ಹನ್ನೆರಡೂ ಮುಗಿಯಿತು.

ಹಾಡು ಒಂದೇ ಆದರೂ ಶ್ರುತಿ ಹಾಡುವವರದು ಎಂಬುದಕ್ಕೆ ನಮ್ಮ ನಾಡಗೀತೆ ಒಳ್ಳೆಯ ಉದಾಹರಣೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಬರೆದದ್ದು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಧಾಟಿಯೂ ಅವಧಿಯೂ ಗೊತ್ತಾದವು, ಆದರೆ ಶ್ರುತಿ ಮಾತ್ರ ಅಂದು ವೇದಿಕೆ ಮೇಲೆ ನಿಂತವರದೇ. ಶಾಲೆಯ ಹುಡುಗಿಯರು ಒಂದರಲ್ಲಿ ಹಾಡುತ್ತಾರೆ, ಊರ ಹಿರಿಯರು ಇನ್ನೊಂದರಲ್ಲಿ. ಭಾವಗೀತೆಗಳ ಕತೆಯೂ ಇದೇ. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರ ಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ಹುಟ್ಟಿದ್ದು ಹೊಸನಗರ ತಾಲ್ಲೂಕಿನ ನಗರದಲ್ಲಿ. ಅವರು ಹಾಡಿದ ಹಾಡನ್ನು ಕೇಳಿ ಕಲಿತವರು ಅವರ ಶ್ರುತಿಯಲ್ಲೇ ಹಾಡಬೇಕೆಂದು ಹಟ ಹಿಡಿಯಬಾರದು, ಕೊಳಲಿನವರೂ ಹಾಗೆ ಒತ್ತಾಯಿಸಬಾರದು. ‘ನನ್ನ ಹತ್ತಿರ ಈ ಕೊಳಲು ಮಾತ್ರ ಇದೆ, ಅರ್ಧ ಶ್ರುತಿ ಇಳಿಸಿ ಹಾಡಿ’ ಎಂದು ಹಾಡುವವರನ್ನು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಅರ್ಧ ಶ್ರುತಿ ಇಳಿದರೆ ಮಂದ್ರದ ಸ್ವರ ಗಂಟಲಲ್ಲೇ ಉಳಿಯುತ್ತದೆ, ಏರಿದರೆ ತಾರದಲ್ಲಿ ದನಿ ಒಡೆಯುತ್ತದೆ. ಹೊಂದಿಕೊಳ್ಳಬೇಕಾದದ್ದು ವಾದ್ಯ.

ಷಡ್ಜ ಬದಲಿಸುವ ಈ ಉಪಾಯಕ್ಕೆ ಹಿಂದೂಸ್ತಾನಿಯಲ್ಲಿ ಮೂರ್ಛನೆ, ಕರ್ನಾಟಕದಲ್ಲಿ ಗ್ರಹಭೇದ ಎನ್ನುತ್ತಾರೆ. ಕಛೇರಿಯಲ್ಲಿ ಅದು ವಿದ್ವತ್ತಿನ ಪ್ರದರ್ಶನ. ಪಕ್ಕವಾದ್ಯಕ್ಕೆ ಕೂತವನಿಗೆ ದಿನದ ಅನ್ನ. ಆರು ತೂತಿನ ಬಾನ್ಸುರಿಯ ಸಹಜ ಸ್ವರಗಳು, ಅಂದರೆ ಪೂರ್ಣ ತೂತಿನವು, ಕಲ್ಯಾಣಿಯವು: ಎಲ್ಲ ತೂತು ತೆರೆದರೆ ಬರುವುದು ತೀವ್ರ ಮಧ್ಯಮ. ಈ ಏಳು ಸ್ವರಗಳನ್ನೇ ಬೇರೆ ಬೇರೆ ಕಡೆಯಿಂದ ಶುರುಮಾಡಿದರೆ ಬೇರೆ ಬೇರೆ ಮೇಳ ಹುಟ್ಟುತ್ತದೆ. ರಿಷಭದಿಂದ ಹರಿಕಾಂಭೋಜಿ, ಅಂದರೆ ಖಮಾಜ್. ಗಾಂಧಾರದಿಂದ ನಟಭೈರವಿ, ಅಂದರೆ ಅಸಾವರಿ. ಪಂಚಮದಿಂದ ಶಂಕರಾಭರಣ. ಧೈವತದಿಂದ ಖರಹರಪ್ರಿಯ, ಅಂದರೆ ಕಾಫಿ. ನಿಷಾದದಿಂದ ಹನುಮತೋಡಿಯ ಸ್ವರಗಳು, ಹಿಂದೂಸ್ತಾನಿಯ ಭೈರವಿ.

ಇದರಿಂದ ಕೊಳಲು ಆರಿಸುವ ಸೂತ್ರಗಳು ಸಿಗುತ್ತವೆ. ಹಾಡು ಭೈರವಿಯಲ್ಲಿದ್ದರೆ ಹಾಡುವವರ ಶ್ರುತಿಗಿಂತ ಒಂದು ಸ್ವರಸ್ಥಾನ ಮೇಲಿನ ಕೊಳಲು ಎತ್ತಿಕೊಳ್ಳಿ. ಕಪ್ಪು ಎರಡರಲ್ಲಿ ಭೈರವಿಯ ಭಜನೆ ಹಾಡುವವರಿಗೆ ಬಿಳಿ ಮೂರರ ಕೊಳಲು, ಅದರ ನಿಷಾದವೇ ಷಡ್ಜ. ನಾಲ್ಕು ಕೋಮಲ ಸ್ವರ, ಒಂದೂ ಅರ್ಧ ತೂತಿಲ್ಲ. ಕಾಫಿಯಾದರೆ ಮೂರು ಸ್ವರಸ್ಥಾನ ಮೇಲಿನದು: ಕಪ್ಪು ಒಂದರ ಗಾಯಕನಿಗೆ ಅದೇ ಬಿಳಿ ಮೂರರ ಕೊಳಲು, ಈಗ ಧೈವತ ಷಡ್ಜ. ಖಮಾಜ್ ಆದರೆ ಎರಡು ಕೆಳಗಿನದು: ಬಿಳಿ ಎರಡರವರಿಗೆ ಬಿಳಿ ಒಂದರ ಕೊಳಲು. ಮೋಹನ, ಅಂದರೆ ಭೂಪ್, ಇನ್ನೂ ಸಲೀಸು. ಮಧ್ಯಮವೂ ನಿಷಾದವೂ ಇಲ್ಲದ್ದರಿಂದ ಒಂದೇ ಕೊಳಲಿನ ಸ, ರಿ, ಪ ಮೂರು ಕಡೆಯಿಂದಲೂ ಪೂರ್ಣ ತೂತಿನಲ್ಲೇ ಬರುತ್ತದೆ.

ಎಲ್ಲ ಜೋಡಿಯೂ ಇಷ್ಟು ಚೊಕ್ಕವಾಗಿ ಕೂರುವುದಿಲ್ಲ. ಕಪ್ಪು ನಾಲ್ಕರಲ್ಲಿ ಕಾಫಿ ಹಾಡುವ ಅಕ್ಕನಿಗೆ ಸೂತ್ರದ ಪ್ರಕಾರ ಬಿಳಿ ಏಳರ ಕೊಳಲು ಬೇಕು, ಸಂಚಿಯಲ್ಲಿ ಅದಿಲ್ಲ. ಆಗ ಬಿಳಿ ಮೂರರ ಕೊಳಲಿನ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಧೈವತ ಒಂದನ್ನು ಬಿಟ್ಟು ಉಳಿದದ್ದೆಲ್ಲ ಪೂರ್ಣ ತೂತಿನಲ್ಲಿ ಸಿಗುತ್ತದೆ. ಒಂದು ಅರ್ಧ ತೂತಿಗಾಗಿ ಆರನೆಯ ಕೊಳಲು ಕೊಳ್ಳುವ ಅಗತ್ಯವಿಲ್ಲ ಎಂಬುದು ನನ್ನ ಲೆಕ್ಕ.

ಒಂದು ಮಿತಿಯನ್ನು ಮಾತ್ರ ನೆನಪಿಡಬೇಕು. ಪಂಚಮವನ್ನು ಷಡ್ಜ ಮಾಡಿಕೊಂಡಾಗ ಕೊಳಲಿನ ಅತಿ ಕೆಳಗಿನ ಸ್ವರವೇ ಷಡ್ಜ. ಅದರ ಕೆಳಗೆ ಇಳಿಯಲು ಬಿದಿರೇ ಇಲ್ಲ. ಹಾಡು ಮಂದ್ರ ನಿಷಾದ, ಧೈವತಕ್ಕೆ ಇಳಿದು ಬರುವಂಥದ್ದಾದರೆ ಆ ಸಾಲನ್ನು ಮೇಲಿನ ಸ್ಥಾಯಿಯಲ್ಲಿ ನುಡಿಸಬೇಕು, ಇಲ್ಲವೇ ಅಲ್ಲಿ ಸುಮ್ಮನಿದ್ದು ಹಾಡುವವರಿಗೆ ಜಾಗ ಬಿಡಬೇಕು. ಇಂಥ ಹಾಡೇ ಹೆಚ್ಚು ಹಾಡುವ ಗಾಯಕಿ ನಿಮಗೆ ಕಾಯಂ ಇದ್ದರೆ, ಆಗ ಅವರ ಷಡ್ಜದ್ದೇ ಒಂದು ಕೊಳಲು ಕೊಳ್ಳುವುದರಲ್ಲಿ ಅರ್ಥವಿದೆ.

ಐದನ್ನೂ ಒಂದೇ ದಿನ ಕೊಳ್ಳಬೇಕಿಲ್ಲ. ಮೊದಲು ಕಪ್ಪು ಒಂದು ಮತ್ತು ಬಿಳಿ ಎರಡು. ನಾಲ್ಕು ಶ್ರುತಿ ಅಲ್ಲೇ ಆಯಿತು, ಕಾರ್ಯಕ್ರಮಗಳ ದೊಡ್ಡ ಪಾಲು ಇವುಗಳಲ್ಲೇ ನಡೆಯುತ್ತದೆ. ಆಮೇಲೆ ಬಿಳಿ ಮೂರು, ಅದೂ ಉದ್ದದ್ದು. ಪನ್ನಾಲಾಲ್ ಘೋಷ್ ಅವರು ಶಾಸ್ತ್ರೀಯ ಸಂಗೀತಕ್ಕೆಂದು ಉದ್ದದ ಕೊಳಲು ತಂದ ಮೇಲೆ ಹಿಂದೂಸ್ತಾನಿಯಲ್ಲಿ ಸಾಧನೆಗೆ ನೆಲೆಯಾದ ಅಳತೆ ಅದು, ಸುಮಾರು 75 ಸೆಂಟಿಮೀಟರ್. ಬೆರಳು ಅಗಲಿಸಿ ಕೂರಿಸುವುದು ಶುರುವಿಗೆ ಕಷ್ಟ. ಆದರೆ ಅದರ ಮಂದ್ರಕ್ಕೆ ಸಾಟಿಯಿಲ್ಲ. ಉಳಿದ ನಾಲ್ಕನ್ನು ಒಂದು ಸ್ಥಾಯಿ ಮೇಲಿನ ಗಿಡ್ಡ ಅಳತೆಯಲ್ಲಿ ಕೊಳ್ಳಬಹುದು. ಬಿಳಿ ಒಂದರದು ಸುಮಾರು 45 ಸೆಂಟಿಮೀಟರ್, ಕಪ್ಪು ಎರಡರದು 38ರ ಹತ್ತಿರ. ಗಾಯನಕ್ಕಿಂತ ಮೇಲಿನ ಸ್ಥಾಯಿಯಲ್ಲಿ ನುಡಿಯುವುದರಿಂದ ಹಾಡುವವರ ದನಿಯ ಮೇಲೆ ಬೀಳುವುದಿಲ್ಲ, ಮೈಕಿನಲ್ಲೂ ಬಿಡಿಬಿಡಿಯಾಗಿ ಕೇಳುತ್ತದೆ.

ಮೌತ್ ಆರ್ಗನ್ ನುಡಿಸುವ ಹುಡುಗರಿಗೂ ಬಹುಪಾಲು ಇದೇ ಲೆಕ್ಕ ಸಲ್ಲುತ್ತದೆ. ಹತ್ತು ತೂತಿನ ಮೌತ್ ಆರ್ಗನ್ ಕೂಡ ಒಂದೇ ಶ್ರುತಿಯ ವಾದ್ಯ. ಅದರ ಸಹಜ ಸ್ವರ ಶಂಕರಾಭರಣ. ಬಿಳಿ ಒಂದರದನ್ನು ಹಿಡಿದು ಪಂಚಮ ಷಡ್ಜ ಮಾಡಿಕೊಂಡರೆ ಬಿಳಿ ಐದರ ಖಮಾಜ್ ಬರುತ್ತದೆ. ರಿಷಭದಿಂದ ಹೊರಟರೆ ಬಿಳಿ ಎರಡರ ಕಾಫಿ, ಗಾಂಧಾರದಿಂದ ಬಿಳಿ ಮೂರರ ಭೈರವಿ. ಅಮೆರಿಕದ ಬ್ಲೂಸ್ ವಾದಕರು ಹೆಚ್ಚಾಗಿ ನುಡಿಸುವುದು ಆ ಪಂಚಮದ ದಾರಿಯಲ್ಲೇ, ಗಾಳಿ ಒಳಗೆಳೆದುಕೊಳ್ಳುತ್ತ. ಗಿಟಾರ್ ಹಿಡಿದವರ ಜೊತೆ ಕೂರುವುದಾದರೆ ಸಿ, ಜಿ, ಡಿ, ಎ ನಾಲ್ಕಿದ್ದರೆ ಸಾಕು, ಗಿಟಾರಿನವರಿಗೆ ಕೈಗೆ ಸಲೀಸಾದ ಶ್ರುತಿಗಳು ಅವೇ. ಗಿಟಾರ್ ಇ ಹಿಡಿದರೆ ಎಯ ಮೌತ್ ಆರ್ಗನ್ನಿನ ಪಂಚಮ ಸಿದ್ಧವಿರುತ್ತದೆ. ಆದರೆ ಭಾವಗೀತೆ ಹಾಡುವವರ ಜೊತೆ ಕೂರುವುದಾದರೆ ಈ ನಾಲ್ಕು ಸಾಲದು. ಕಪ್ಪು ಒಂದು, ಕಪ್ಪು ನಾಲ್ಕು ಬೇಕೇ ಬೇಕು. ಗುಂಡಿ ಒತ್ತಿದರೆ ಅರ್ಧ ಸ್ವರ ಏರುವ ಕ್ರೊಮ್ಯಾಟಿಕ್ ತೆಗೆದುಕೊಂಡರೆ ಒಂದರಲ್ಲೇ ಹನ್ನೆರಡೂ ಸ್ವರ ಇವೆ. ಬೆಲೆ ಹೆಚ್ಚು, ಕಲಿಕೆಯೂ ಬೇರೆ.

ವೇದಿಕೆ ಹತ್ತುವ ಮೊದಲು ಹಾಡುವವರ ಶ್ರುತಿ ಕೇಳುವುದರ ಜೊತೆಗೆ ಹಾರ್ಮೋನಿಯಂನವರನ್ನೂ ಕೀಬೋರ್ಡಿನವರನ್ನೂ ಕೇಳಬೇಕು. ಸ್ಕೇಲ್ ಚೇಂಜರ್ ಹಾರ್ಮೋನಿಯಂನಲ್ಲಿ ಮನೆಗಳ ಪಟ್ಟಿಯೇ ಪಕ್ಕಕ್ಕೆ ಸರಿಯುತ್ತದೆ. ಬೆರಳು ಬಿಳಿ ಒಂದರ ಮೇಲಿದ್ದರೂ ನುಡಿಯುವುದು ಕಪ್ಪು ಎರಡಿರಬಹುದು. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿಯಿದೆ. ಆದ್ದರಿಂದ ಬೆರಳು ನೋಡಿ ಕೊಳಲು ಎತ್ತಬಾರದು, ಸ ನುಡಿಸಲು ಹೇಳಿ ಕಿವಿಯಲ್ಲೇ ತೀರ್ಮಾನಿಸಬೇಕು. ಇನ್ನೊಂದು: ಭಜನಾ ಮಂದಿರದ ಹಳೆಯ ಹಾರ್ಮೋನಿಯಂ ಇವತ್ತಿನ 440 ಹರ್ಟ್ಸ್‌ನ ಅಳತೆಗೆ ಸರಿಯಾಗಿ ಇಲ್ಲದಿರುವುದು ಸಾಮಾನ್ಯ. ತುಟಿಯ ಕೋನ ಬದಲಿಸಿ ಕೊಳಲನ್ನು ಸ್ವಲ್ಪ ಏರಿಳಿಸಬಹುದು, ಸ್ವರಸ್ಥಾನದ ಕಾಲುಭಾಗದಷ್ಟು. ಅದಕ್ಕಿಂತ ಹೆಚ್ಚು ಅಂತರವಿದ್ದರೆ ಹಾರ್ಮೋನಿಯಂ ಬಿಟ್ಟು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇಟ್ಟು, ಅದನ್ನೇ ಕೊಳಲಿಗೆ ಹೊಂದಿಸುವುದು ವಾಸಿ.

ಹವೆಯೂ ಶ್ರುತಿ ಬದಲಿಸುತ್ತದೆ, ಮಲೆನಾಡಲ್ಲಿ ಇದು ಸಣ್ಣ ವಿಷಯವಲ್ಲ. ಗಾಳಿ ತಣ್ಣಗಾದರೆ ಅದರಲ್ಲಿ ಶಬ್ದದ ವೇಗ ತಗ್ಗುತ್ತದೆ, ಕೊಳಲಿನ ಶ್ರುತಿ ಇಳಿಯುತ್ತದೆ. ಸ್ವರಸ್ಥಾನವನ್ನು ನೂರು ಪಾಲು ಮಾಡಿದರೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರ ಹತ್ತಿರ ಮೂರು ಪಾಲು. ಮಾರ್ಚಿನ ಮಧ್ಯಾಹ್ನ ಅಂಗಡಿಯಲ್ಲಿ ಸರಿಯಾಗಿ ನುಡಿದ ಕೊಳಲು 16 ಡಿಗ್ರಿ ತಣ್ಣಗಿನ ರಾತ್ರಿಯಲ್ಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತಿನಲ್ಲಿ, ಊದಲು ಶುರುಮಾಡಿದ ಕ್ಷಣ ಅರ್ಧ ಸ್ವರಸ್ಥಾನದಷ್ಟು ಇಳಿದಿರಬಹುದು. ಕೀಬೋರ್ಡು ಮಾತ್ರ ಇದ್ದಲ್ಲೇ ಇರುತ್ತದೆ. ಉಸಿರಿನ ಬಿಸಿಗೆ ಕೊಳಲು ಏರುತ್ತದೆ, ಅದಕ್ಕೇ ಮುಂದಿನ ಹಾಡಿನ ಕೊಳಲನ್ನು ಶಾಲಿನೊಳಗೆ ಬೆಚ್ಚಗಿಟ್ಟುಕೊಂಡು ಕೂರುವುದು ಒಳ್ಳೆಯ ಅಭ್ಯಾಸ. ಕೊಳ್ಳುವಾಗಲೂ ಐದು ನಿಮಿಷ ಊದಿ ಬಿಸಿಯಾದ ಮೇಲೆಯೇ ಟ್ಯೂನರ್ ಆ್ಯಪ್ ತೆಗೆಯಿರಿ. ಮಧ್ಯ ಷಡ್ಜ, ತಾರ ಷಡ್ಜ ಒಂದಕ್ಕೊಂದು ಕೂಡುತ್ತವೆಯೇ, ಮಂದ್ರ ಪಂಚಮ ಗಟ್ಟಿಯಾಗಿ ನಿಲ್ಲುತ್ತದೆಯೇ, ಅದರ ಮೇಲಿನ ಪಂಚಮ ಹೊಂದುತ್ತದೆಯೇ ನೋಡಿ. ಪಂಚಮವನ್ನೇ ಷಡ್ಜ ಮಾಡಿಕೊಳ್ಳುವ ಲೆಕ್ಕ ಇರುವುದರಿಂದ ಈ ಕೊನೆಯ ಪರೀಕ್ಷೆಯನ್ನು ಬಿಡುವಂತಿಲ್ಲ. ಜಾತ್ರೆಯಲ್ಲಿ ಬಣ್ಣದ ದಾರ ಕಟ್ಟಿ ಮಾರುವ ಕೊಳಲು ಮಕ್ಕಳ ಉಸಿರಿಗೆ ಚೆನ್ನ, ಆದರೆ ಅದನ್ನು ಯಾರೂ ಶ್ರುತಿ ನೋಡಿ ಕೊರೆದಿರುವುದಿಲ್ಲ.

ಮಳೆಗಾಲದ ಮಾತೇ ಬೇರೆ. ಆಗುಂಬೆ ಇರುವ ತಾಲ್ಲೂಕಿನಲ್ಲಿ, ಹುಲಿಕಲ್ ಇರುವ ತಾಲ್ಲೂಕಿನಲ್ಲಿ ಬಿದಿರಿನ ವಾದ್ಯವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಪಾಡುವುದು ನಿತ್ಯದ ಕೆಲಸ. ಊದಿದ ಕೂಡಲೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಕೋಲಿಗೆ ಹತ್ತಿ ಬಟ್ಟೆ ಸುತ್ತಿ ಒಳಗೆ ಒರೆಸಿ, ನೆರಳಲ್ಲಿ ಗಾಳಿಯಾಡಲು ಬಿಟ್ಟು, ಬಟ್ಟೆಯ ಚೀಲದಲ್ಲಿಡಬೇಕು. ಒಲೆಯ ಮೇಲೆ ಅಡಿಕೆ ಒಣಗಿಸುವಂತೆ ಬೆಂಕಿಯ ಹತ್ತಿರ ಇಟ್ಟರೆ ಸೀಳುತ್ತದೆ. ಮಳೆ ನಿಂತು ಒಣಗಾಳಿ ಬೀಸುವ ಮೊದಲು ಒಳಹೊರಗೆ ತೆಳ್ಳಗೆ ಎಳ್ಳೆಣ್ಣೆ ಸವರಿ ಒಂದು ರಾತ್ರಿ ಬಿಟ್ಟು ಒರೆಸಬೇಕು. ಬೇಸಿಗೆಯಲ್ಲಿ ಬಿರುಕು ಬೀಳುವುದು ಹಾಗೆ ತಪ್ಪುತ್ತದೆ. ತೂತುಗಳ ಆಚೀಚೆ ಬಿಗಿಯಾಗಿ ಸುತ್ತಿದ ದಾರ ಅಲಂಕಾರಕ್ಕಲ್ಲ, ಅದು ಸಡಿಲಾದರೆ ಕೂಡಲೆ ಮತ್ತೆ ಸುತ್ತಬೇಕು. ಗಣಪತಿ ಹಬ್ಬದ ಮಳೆಯಲ್ಲಿ ಪೆಂಡಾಲಿನಿಂದ ಪೆಂಡಾಲಿಗೆ ಹೋಗುವವರು ಕಪ್ಪು ಒಂದು ಮತ್ತು ಬಿಳಿ ಎರಡರ ಪಿವಿಸಿ ಕೊಳಲನ್ನು ಜೊತೆಗಿಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ದನಿಯಲ್ಲಿ ಬಿದಿರಿನ ಮೆದುತನ ಇರುವುದಿಲ್ಲ, ಆದರೆ ನೆನೆದರೂ ಕೆಡುವುದಿಲ್ಲ.

ಜೊತೆಗೊಂದು ಸಣ್ಣ ನೋಟ್‌ಬುಕ್ ಇರಲಿ. ಹಾಡು, ಹಾಡಿದವರು, ಅವರ ಶ್ರುತಿ, ರಾಗ, ಎತ್ತಿಕೊಂಡ ಕೊಳಲು, ಅದರಲ್ಲಿ ಷಡ್ಜ ಮಾಡಿಕೊಂಡ ಸ್ವರ. ಒಂದು ಹಂಗಾಮಿನ ಕಾರ್ಯಕ್ರಮಗಳನ್ನು ಹೀಗೆ ಬರೆದಿಟ್ಟರೆ ನಿಮ್ಮ ಊರಿನ ಕಂಠಗಳು ಯಾವ ಶ್ರುತಿಯಲ್ಲಿವೆ ಎಂಬುದು ತಾನೇ ಕಾಣುತ್ತದೆ. ಆರನೆಯ ಕೊಳಲು ಬೇಕೇ, ಬೇಕಾದರೆ ಯಾವುದು ಎಂಬುದನ್ನು ಅದೇ ಪುಟಗಳನ್ನು ನೋಡಿ ನಿರ್ಧರಿಸಬಹುದು.